ಎತ್ತು ನಿಲ್ಲುವ ಬಾಗಿಲು

ಯುಗಾದಿಯ ದಿನ ಬೇವು ಬೆಲ್ಲ ಬಾಯಿಗೆ ಬೀಳುವ ಮೊದಲೇ ಕೆಂಪಕ್ಕನ ಮನೆಯಲ್ಲಿ ಜಗಳ ಬಿತ್ತು. ವರ್ಷದ ಮೊದಲ ದಿನ ಹೇಗಿರುತ್ತದೋ ವರ್ಷವೆಲ್ಲ ಹಾಗೇ ಇರುತ್ತದೆ ಅನ್ನುತ್ತಾರೆ. ಅದು ನಿಜವಾಗಿದ್ದರೆ ಆ ಮನೆಯವರು ಮುಂದಿನ ಯುಗಾದಿಯವರೆಗೂ ಕಚ್ಚಾಡಿಕೊಂಡೇ ಇರಬೇಕಾಗಿತ್ತು.

ಆದದ್ದು ಇಷ್ಟು. ಕೆಂಪಕ್ಕನ ಗಂಡ ಕ್ಯಾತಣ್ಣ ನಸುಕಿಗೇ ಎದ್ದು, ಕೆಂದ ಮತ್ತು ಮೈಲ ಎಂಬ ತನ್ನ ಜೋಡಿ ಎತ್ತುಗಳ ಮೈ ತೊಳೆದು, ಕೊಂಬಿಗೆ ಎಣ್ಣೆ ಸವರಿ, ನೇಗಿಲು ಹೂಡಿಕೊಂಡು ಹೊನ್ನಾರು ಕಟ್ಟಲು ಹೋಗಿದ್ದ. ಹೊಸ ವರ್ಷದ ಮೊದಲ ಉಳುಮೆ ಅದು. ಎರಡು ಸಾಲು ಎಳೆದು, ಭೂಮಿತಾಯಿಗೆ ಕೈ ಮುಗಿದು ಬರುವ ಶಾಸ್ತ್ರ. ಶಾಸ್ತ್ರವೇನೋ ಉಳಿದಿತ್ತು, ಹೊಲ ಉಳಿದಿರಲಿಲ್ಲ. ತಿರುಮಣಿ ಸುತ್ತಿನ ಎಷ್ಟೋ ಜನರ ಹಾಗೆ ಕರೆಕಲ್ಲಹಟ್ಟಿಯ ಕ್ಯಾತಣ್ಣನೂ ತನ್ನ ಆರು ಎಕರೆಯನ್ನು ಸೋಲಾರ್‌ನವರಿಗೆ ಇಪ್ಪತ್ತೆಂಟು ವರ್ಷದ ಗುತ್ತಿಗೆಗೆ ಕೊಟ್ಟಿದ್ದ. ಕಡಲೆಕಾಯಿ ಬೆಳೆಯುತ್ತಿದ್ದ ನೆಲದ ಮೇಲೆ ಈಗ ನೀಲಿ ಹಲಗೆಗಳು ಬಿಸಿಲು ಕಾಯುತ್ತಾ ಮಲಗಿದ್ದವು. ವರ್ಷಕ್ಕೊಮ್ಮೆ ಗುತ್ತಿಗೆ ಹಣ ಬರುತ್ತಿತ್ತು, ಊಟ ಬಟ್ಟೆಗೆ ತೊಂದರೆ ಇರಲಿಲ್ಲ. ತಂತಿ ಬೇಲಿಯ ಹೊರಗೆ ಎರಡು ಮಾರು ಅಗಲದ ಪಟ್ಟಿಯೊಂದು ಉಳಿದಿತ್ತಲ್ಲ, ಕ್ಯಾತಣ್ಣ ಪ್ರತಿ ಯುಗಾದಿಗೂ ಅಲ್ಲೇ ಎರಡು ಸಾಲು ಎಳೆದು, ಹೊಲವನ್ನು ಬೇಲಿಯ ಆಚೆಯಿಂದ ನೋಡಿ ಬರುತ್ತಿದ್ದ.

ಹಾಗೆ ಬಂದವನು ಎತ್ತು ಕಟ್ಟಿ, ಖುಷಿಯಲ್ಲಿ ಕಾಲು ತೊಳೆಯುವುದನ್ನೇ ಮರೆತು ನಡುಮನೆಗೆ ನುಗ್ಗಿದ. ನಡುಮನೆಯ ತುಂಬ ಸೊಸೆ ಯಶೋದಳ ಹೊಲಿಗೆಯ ಬಟ್ಟೆ ಹರಡಿತ್ತು. ಹಬ್ಬದ ದಿನವೂ ಅವಳಿಗೆ ಬಿಡುವಿರಲಿಲ್ಲ. ಮದುವೆಯ ಕಾಲ, ರವಿಕೆಗಳ ರಾಶಿ.

“ಮಾವ, ಕಾಲು,” ಅಂದಳು ಯಶೋದ.

ಅಷ್ಟರಲ್ಲಿ ಕಾಲು ಇಟ್ಟಾಗಿತ್ತು. ಮದುವಣಗಿತ್ತಿಯೊಬ್ಬಳ ಹಸಿರು ರೇಷ್ಮೆಯ ಮೇಲೆ ಸಗಣಿಯ ಐದು ಬೆರಳು ಚೆನ್ನಾಗಿ ಮೂಡಿದವು.

ಯಶೋದ ಬಾಯಿ ಜೋರಿನವಳಲ್ಲ. ಬಟ್ಟೆಯನ್ನು ಎತ್ತಿ ನೋಡಿದಳು, ಅಲ್ಲೇ ಕೂತು ಅಳತೊಡಗಿದಳು. ಅವಳು ಬೈದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಅಳು ಕೇಳಿ ಮಗ ಜಯರಾಮು ಬಂದ. ಅವನು ಸೋಲಾರ್ ಗೇಟಿನಲ್ಲಿ ಸೆಕ್ಯೂರಿಟಿ ಕೆಲಸದವನು, ನೀಲಿ ಅಂಗಿ ತೊಟ್ಟು ಡ್ಯೂಟಿಗೆ ಹೊರಟಿದ್ದ.

“ನೋಡಪ್ಪ, ಇವತ್ತೇ ಹೇಳ್ಬುಡ್ತೀನಿ,” ಅಂದ. “ಉಳಾಕೆ ಹೊಲ ಇಲ್ಲ, ಎತ್ತು ಯಾಕೆ ನಮ್ಗೆ? ಮಾರ್ಬುಟ್ಟು ಕೊಟ್ಟಿಗೆ ಕೀಳುಸ್ತೀನಿ. ಅಲ್ಲಿ ಇವಳ ಮಿಷನ್‌ಗೆ ಒಂದು ರೂಮ್ ಆಯ್ತದೆ.”

“ಹೊಲ ವಾಪಸ್ ಬತ್ತದಲ್ಲೋ, ಗುತ್ತಿಗೆ ಮುಗುದ್ಮೇಲೆ.”

“ಮುಗಿಯಾಕೆ ಇನ್ನೂ ಇಪ್ಪತ್ತು ವರ್ಷ ಐತೆ. ಆವಾಗ ನಿಂಗೆಷ್ಟು ವಯಸ್ಸಾಗಿರ್ತದೆ?”

ಕ್ಯಾತಣ್ಣ ಬೆರಳು ಮಡಚಿ ನೋಡಿದ. “ಎಂಬತ್ತೆಲ್ಡು,” ಅಂದ.

“ಎತ್ತಿಗೆ?”

ಕ್ಯಾತಣ್ಣ ಮಡಚಿದ ಬೆರಳು ಬಿಚ್ಚಿದ. ಹೆಂಡತಿಯ ಕಡೆ ನೋಡಿದ. ಕೆಂಪಕ್ಕ ಒಬ್ಬಟ್ಟಿನ ಹೂರಣ ರುಬ್ಬುತ್ತಾ ಇದ್ದವಳು ತಲೆ ಎತ್ತಲಿಲ್ಲ.

“ನನ್ ಕಡೆ ಯಾಕೆ ನೋಡ್ತೀಯ? ಸಗಣಿ ಬಾಚೋಳು ನಾನು, ಹುಲ್ಲು ಹೊರೋಳು ನಾನು. ದುಡೀದಿರೋ ಎತ್ತಿಗೆ ಎಂಟು ವರ್ಷದಿಂದ ನಾನು ಚಾಕರಿ ಮಾಡಿವ್ನಿ. ನಿನ್ ಮಗ ಹೇಳೋದು ಸರಿ.”

ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಅಂತ ಸಂಸಾರಗಳ ಬಗ್ಗೆ ಒಂದು ಗಾದೆ ಇದೆ. ಆ ಮನೆಯಲ್ಲಿ ಏರಿಯ ಕಡೆ ಎಳೆಯುವವನು ಕ್ಯಾತಣ್ಣ ಒಬ್ಬನೇ, ಮಿಕ್ಕ ಮೂವರೂ ಇನ್ನೊಂದು ಕಡೆಗಿದ್ದರು. ಅವನು ಬೇವು ಬೆಲ್ಲವನ್ನೂ ತಿನ್ನದೆ ಎದ್ದು ಹೋದ.

ನಾಲ್ಕು ದಿನಕ್ಕೆ ಜಯರಾಮು ಮಡಕಶಿರಾ ಕಡೆಯಿಂದ ಕದರಪ್ಪ ಎಂಬ ರೈತನನ್ನು ಕರೆದುಕೊಂಡು ಬಂದ. ಆಂಧ್ರದ ಗಡಿಯವನು, ಕನ್ನಡದ ನಡುವೆ ತೆಲುಗು, ತೆಲುಗಿನ ನಡುವೆ ಕನ್ನಡ. ಕದರಪ್ಪ ಎತ್ತುಗಳ ಹಲ್ಲು ನೋಡಿದ, ಬೆನ್ನ ಮೇಲಿನ ಹಿಣಿಲು ಸವರಿದ, ನಾಲ್ಕು ಹೆಜ್ಜೆ ನಡೆಸಿ ನೋಡಿದ.

“ಮಂಚಿ ಎದ್ದುಲು, ಒಳ್ಳೇ ಎತ್ತು ಕಣಪ್ಪಾ,” ಅಂದ. “ನಮ್ ಹೊಲ ಗುಡ್ಡದ ಮ್ಯಾಲೈತೆ, ಟ್ರ್ಯಾಕ್ಟರ್ ಹತ್ತಲ್ಲ. ನಂಗೆ ಇವೇ ಬೇಕು. ಭರಣಿ ಮಳೆ ಹೊತ್ತಿಗೆ ಬಂದು ಹೊಡ್ಕೊಂಡು ಹೋಗ್ತೀನಿ.”

ಎಲೆ ಅಡಿಕೆ ಕೈ ಬದಲಾಯಿತು, ಮುಂಗಡ ಜಯರಾಮುವಿನ ಜೇಬು ಸೇರಿತು. ಕ್ಯಾತಣ್ಣ ಅಡ್ಡ ಬರಲಿಲ್ಲ. “ನಿಂದೇ ಮನೆ, ನಿಂದೇ ಎತ್ತು,” ಅಂದವನೇ ಜಗುಲಿಯ ಮೇಲೆ ಕಂಬಳಿ ಹೊದ್ದು ಮಲಗಿದ.

ಮಲಗಿದ ಅಂದರೆ ಮಲಗಿಯೇ ಬಿಟ್ಟ. ಎತ್ತುಗಳಿಗೆ ನೀರು ಕುಡಿಸುವಾಗ ಏಳುವನು, ಮತ್ತೆ ಜಗುಲಿ. ಎರಡು ಮುದ್ದೆ ತಿನ್ನುತ್ತಿದ್ದವನು ಅರ್ಧ ಮುದ್ದೆಗೆ ಕೈ ತೊಳೆಯುತ್ತಿದ್ದ. ಗಡ್ಡ ಬೆಳೆಯಿತು. ಹೊಲಿಗೆಗೆ ಬಂದ ಹೆಂಗಸರು ಅವನನ್ನು ದಾಟಿಕೊಂಡೇ ಒಳಗೆ ಹೋಗಬೇಕಿತ್ತು. ಹೋಗುವಾಗ ಒಬ್ಬೊಬ್ಬರೂ “ಹುಷಾರಿಲ್ವಾ?” ಅಂತ ಕೇಳುವರು, ಕೆಂಪಕ್ಕನಿಗೆ ಉತ್ತರ ಹೇಳಿ ಹೇಳಿ ಸಾಕಾಯಿತು. ಹೊಲ ಹೋದ ಮೇಲೆ ಈ ಮನುಷ್ಯ ಎಂಟು ವರ್ಷದಿಂದ ಸ್ವಲ್ಪ ಸ್ವಲ್ಪವೇ ಮಲಗುತ್ತಾ ಬಂದಿದ್ದ, ಈಗ ಪೂರ್ತಿ ಮಲಗಿದ್ದಾನೆ ಅಂತ ಅವಳಿಗೆ ಅನ್ನಿಸಿತು. ಹಾಗೆ ಅನ್ನಿಸಿದಾಗ ಅವಳಿಗೆ ಭಯವಾಯಿತು, ಭಯವಾದಾಗಲೆಲ್ಲ ಬೈಯುವುದು ಅವಳ ಅಭ್ಯಾಸ.

ಒಂದು ಬೆಳಿಗ್ಗೆ ಹೆಪ್ಪಿಗೆ ಮಜ್ಜಿಗೆ ಕೇಳಲು ಕೆಂಪಕ್ಕ ಈಶ್ವರಮ್ಮನ ಮನೆಗೆ ಹೋದಳು. ಈಶ್ವರಮ್ಮ ಒಂಟಿ ಮುದುಕಿ. ಆ ಸೀಮೆಯ ಬೋರ್ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಕುಡಿದು ಕುಡಿದು ಅವಳ ಮಂಡಿ ಮಡಚದಂತೆ ಬಿಗಿದುಕೊಂಡಿತ್ತು. ಹಟ್ಟಿಗೆ ಒಂದು ಫಿಲ್ಟರ್ ನೀರಿನ ಘಟಕ ಬಂದಿದ್ದೇನೋ ನಿಜ. ಅದರ ಮೋಟಾರು ಸುಟ್ಟು ಎರಡು ತಿಂಗಳಾಗಿತ್ತು. ಬೈಕು ಇರುವವರು ಎರಡು ಮೈಲಿ ದೂರದ ಸೋಲಾರ್ ಗೇಟಿನ ಫಿಲ್ಟರ್‌ಗೆ ಹೋಗಿ ಕ್ಯಾನು ತರುತ್ತಿದ್ದರು. ಈಶ್ವರಮ್ಮ ಬೋರ್ ನೀರನ್ನೇ ಸೀರೆಯ ಸೆರಗಿನಲ್ಲಿ ಸೋಸುತ್ತಾ ನಿಂತಿದ್ದಳು.

“ಸೋಸಿದ್ರೆ ಹೋಯ್ತದಾ ಅದು?” ಅಂದಳು ಕೆಂಪಕ್ಕ.

“ಹೋಗಲ್ಲ ಕಣಮ್ಮ. ಏನೋ ಒಂದು ಸಮಾಧಾನ. ಬೈಕ್ ಹುಡುಗ್ರನ್ನ ದಿನಾ ಕೇಳಾಕೆ ನಂಗೇ ನಾಚ್ಕೆ ಆಯ್ತದೆ. ಒಂದಿನ ತಂದ್ಕೊಡ್ತಾರೆ, ಎಲ್ಡ್ ದಿನ ತಂದ್ಕೊಡ್ತಾರೆ.”

ಕೆಂಪಕ್ಕ ಮಜ್ಜಿಗೆ ಮರೆತು, ಮುದುಕಿಯ ಖಾಲಿ ಕ್ಯಾನು ಹಿಡಿದುಕೊಂಡು ಮನೆಗೆ ಬಂದಳು. ಅದನ್ನು ಜಗುಲಿಯ ಮೇಲೆ ಗಂಡನ ತಲೆಯ ಹತ್ತಿರ ಕುಕ್ಕಿದಳು. ಒಳ್ಳೆಯತನದಿಂದ ಮಾಡಿದ್ದಲ್ಲ ಅದು, ಸಿಟ್ಟಿನಿಂದ ಮಾಡಿದ್ದು.

“ಏಳು ಮ್ಯಾಕೆ. ಎತ್ತು ಇರೋ ಅಷ್ಟು ದಿನನಾದ್ರೂ ತಿಂದಿದ್ದಕ್ಕೆ ದುಡೀಲಿ. ಗಾಡಿ ಐತೆ, ನೀನಿದ್ದೀಯ. ಆ ಮುದ್ಕಿ ಸೆರಗ್ನಾಗೆ ಇಸ ಸೋಸ್ಕೊಂಡು ಕುಡೀತಾವ್ಳೆ. ನೀನು ಇಲ್ಲಿ ಬದುಕಿರೋ ಹೆಣದಂಗೆ ಬಿದ್ದಿದ್ದೀಯ.”

“ಸುಮ್ಕಿರು ಕೆಂಪಿ.”

“ಸುಮ್ಕೆ ಇದ್ದು ಇದ್ದೇ ಇಂಗಾಗಿದ್ದೀಯ.”

ಕ್ಯಾತಣ್ಣ ಕಂಬಳಿ ಒದ್ದು ಎದ್ದ. ಅವಳ ಬಾಯಿಯಿಂದ ತಪ್ಪಿಸಿಕೊಂಡರೆ ಸಾಕು ಅಂತಲೇ ಗಾಡಿ ಹೂಡಿದ. ಅದೊಂದು ಟೈರ್ ಗಾಡಿ, ಮೂಲೆ ಸೇರಿ ಕೋಳಿಗಳ ಮನೆಯಾಗಿತ್ತು. ಕೋಳಿ ಓಡಿಸಿ, ಒಂದೇ ಒಂದು ಕ್ಯಾನು ಇಟ್ಟುಕೊಂಡು, ಜೋಡೆತ್ತಿನ ಗಾಡಿ ಗೆಜ್ಜೆ ಸದ್ದು ಮಾಡುತ್ತಾ ಹೊರಟಿತು. ಹಟ್ಟಿಯ ಜನ ನಕ್ಕರು.

ನಗುವುದಕ್ಕೆ ಇನ್ನೂ ಇತ್ತು. ಅದನ್ನು ಕೆಂಪಕ್ಕ ಸಂಜೆ ಊಟದ ಹೊತ್ತಿನಲ್ಲಿ ಕೇಳಿದಳು, ಮೊದಲು ಮಗನ ಬಾಯಲ್ಲಿ.

“ಅಮ್ಮ, ಅಪ್ಪ ಇವತ್ತು ಏನ್ ಮಾಡ್ದ ಗೊತ್ತಾ? ನಾನು ಗೇಟ್‌ನಾಗೆ ನಿಂತಿವ್ನಿ, ಪಕ್ಕದಾಗೆ ಸೂಪರ್‌ವೈಸರ್ ಅವ್ರೆ. ಗಾಡಿ ಗೇಟಿಗೆ ಬರೋ ಬದ್ಲು ಸೀದಾ ಹೋಗಿ ನಮ್ ಹೊಲದ ಬೇಲಿ ಮುಂದೆ ನಿಂತ್ಕಂತು. ಒಳೀಕೆ ಬುಡು ಅಂತ ಎತ್ತು ತಂತಿಗೆ ತಲೆ ತಿಕ್ತಾವೆ.”

“ನಾನೇನ್ ಮಾಡ್ಲಿ?” ಅಂದ ಕ್ಯಾತಣ್ಣ. “ಬೇವಿನ ಮರದ ತಾವ ಎಡಕ್ಕೆ ಹೋಗ್ಬೇಕಿತ್ತು. ನಾನು ನಿಮ್ಮಮ್ಮ ಬೈದಿದ್ನ ನೆನೆಸ್ಕೊಂಡು ಕೂತಿದ್ದೆ. ಅವು ಬಲಕ್ಕೆ ತಿರುಗ್ಬುಟ್ವು. ಉಳೋ ಕಾಲಕ್ಕೆ ದಿನಾ ಹೋಯ್ತಿದ್ದ ದಾರಿ. ಅವಕ್ಕೆ ಗುತ್ತಿಗೆ ಪತ್ರ ಓದಾಕೆ ಬತ್ತದಾ?”

ಯಶೋದ ಸೊಪ್ಪಿನ ಸಾರು ಬಡಿಸುತ್ತಿದ್ದವಳು ಸೆರಗು ಬಾಯಿಗೆ ಇಟ್ಟುಕೊಂಡು ನಕ್ಕಳು. ಹಸಿರು ರೇಷ್ಮೆಯ ದಿನದಿಂದ ಆ ಮನೆಯಲ್ಲಿ ಯಾರೂ ಊಟಕ್ಕೆ ಕೂತು ನಕ್ಕಿರಲಿಲ್ಲ. ಕ್ಯಾತಣ್ಣ ಇನ್ನೂ ಅರ್ಧ ಮುದ್ದೆ ಹಾಕಿಸಿಕೊಂಡ. ಕೆಂಪಕ್ಕ ಅದನ್ನು ನೋಡಿದಳು.

ಮಾರನೆಯ ದಿನ ಗಾಡಿಯಲ್ಲಿ ಎರಡು ಕ್ಯಾನು ಇದ್ದವು. ಈಶ್ವರಮ್ಮನ ಪಕ್ಕದ ಮನೆಯ ಬಸವಮ್ಮ, ಸೊಂಟ ಬಿದ್ದವಳು, “ನಂಗೂ ಒಂದು ತಂದ್ಕೊಡಪ್ಪ” ಅಂದಿದ್ದಳು. ವಾರ ಕಳೆಯುವುದರಲ್ಲಿ ಒಂಬತ್ತು ಮನೆಯಾದವು. ಎಲ್ಲವೂ ಬೈಕಿಲ್ಲದ, ಹುಡುಗರಿಲ್ಲದ, ಮಂಡಿ ಇಲ್ಲದ ಮನೆಗಳು. ಕ್ಯಾತಣ್ಣ ಬೆಳಿಗ್ಗೆ ಏಳಕ್ಕೆ ಹೊರಟು, ಬಾಗಿಲು ಬಾಗಿಲಿಗೂ ನಿಂತು ಖಾಲಿ ಕ್ಯಾನು ತುಂಬಿಕೊಳ್ಳುವನು. ಫಿಲ್ಟರ್‌ಗೆ ಹಾಕಬೇಕಾದ ಐದು ರೂಪಾಯಿ ನಾಣ್ಯವನ್ನು ಮನೆಯವರೇ ಕೊಡುವರು. ಗೇಟಿಗೆ ಹೋಗಿ ತುಂಬಿಸಿಕೊಂಡು, ಬಿಸಿಲೇರುವ ಮೊದಲು ಮತ್ತೆ ಅದೇ ಬಾಗಿಲುಗಳಿಗೆ ಇಳಿಸುವನು. ಕೂಲಿ ಅಂತ ಯಾರಾದರೂ ಏನಾದರೂ ಕೊಡಲು ಬಂದರೆ, “ಎತ್ತಿಗೆ ಒಂದ್ ಹಿಡಿ ಬೂಸಾ ಹಾಕು, ಮುಗೀತು” ಅನ್ನುವನು.

ಕ್ಯಾನುಗಳೆಲ್ಲ ಒಂದೇ ಥರ, ಅವನಿಗೆ ಓದು ಬರದು. ಮೂರನೆಯ ದಿನ ಬಸವಮ್ಮನದು ಈಶ್ವರಮ್ಮನಿಗೆ ಹೋಗಿ ಇಬ್ಬರೂ ಬೀದಿಗೆ ನಿಂತು ಜಗಳವಾಡಿದರು. ಅಂದು ಸಂಜೆ ಯಶೋದ ತಾನಾಗಿಯೇ ರವಿಕೆಯ ಚೂರುಗಳನ್ನು ತಂದು, ಒಂದೊಂದು ಮನೆಗೆ ಒಂದೊಂದು ಬಣ್ಣದ ಪಟ್ಟಿ ಹೊಲಿದು ಕೊಟ್ಟಳು. ಈಶ್ವರಮ್ಮನದಕ್ಕೆ ಸಗಣಿಯ ಕಲೆ ಹೋಗದೆ ಉಳಿದಿದ್ದ ಆ ಹಸಿರು ರೇಷ್ಮೆ.

“ಇದ್ನ ಯಾಕಮ್ಮ ಕತ್ತರಿಸ್ದೆ?” ಅಂದ ಕ್ಯಾತಣ್ಣ, ತಲೆ ತಗ್ಗಿಸಿ.

“ಮದುವೆಯವ್ರಿಗೆ ಬೇರೆ ತಂದು ಹೊಲ್ದು ಕೊಟ್ಟಾಯ್ತು ಮಾವ. ಇದು ನಿಮ್ದೇ ಗುರುತು, ಇರ್ಲಿ ಬಿಡಿ.”

ಕೆಂಪಕ್ಕ ಮೊದಲು ಗಾಡಿ ಹತ್ತಿದ್ದು ಗಂಡನನ್ನು ಬೈಯುವುದಕ್ಕೇ. ಈಶ್ವರಮ್ಮನಿಗೆ ಕ್ಯಾನು ಎತ್ತಿ ಬಿಂದಿಗೆಗೆ ಬಗ್ಗಿಸಲು ಆಗುವುದಿಲ್ಲ, ಕ್ಯಾತಣ್ಣ ಅದನ್ನು ಬಾಗಿಲಲ್ಲಿ ಇಟ್ಟು ಬರುತ್ತಾನೆ ಅಂತ ಕೇಳಿದ್ದಳು. “ಗಂಡಸ್ರ ಕೆಲ್ಸನೇ ಇಷ್ಟು, ಬಾಗ್ಲತನಕ,” ಅಂದು ಜೊತೆಗೆ ಹೋದಳು. ಒಳಗೆ ಹೋಗಿ ಬಿಂದಿಗೆಗೆ ನೀರು ಬಗ್ಗಿಸಿದಳು. ಒಲೆಯ ಬೂದಿ ತೆಗೆದಳು. ಬಸವಮ್ಮನ ಮನೆಯಲ್ಲಿ ಹಾಸಿಗೆ ಬಿಸಿಲಿಗೆ ಹಾಕಿದಳು. ಒಂಬತ್ತು ಮನೆಯಲ್ಲೂ ಒಂಬತ್ತು ಕೊಳಕು ಹುಡುಕಿ ಒಂಬತ್ತು ಮಂದಿಗೂ ಬೈದು ಬಂದಳು. ಮನೆಗೆ ಬಂದ ಮೇಲೆ ತಿಂಗಳುಗಟ್ಟಲೆ ನೋಯುತ್ತಿದ್ದ ತನ್ನ ಸೊಂಟದ ನೆನಪೇ ಆಗಿಲ್ಲವಲ್ಲ ಅಂತ ಅವಳಿಗೆ ಹೊಳೆಯಿತು. ಮಾರನೆಯ ದಿನವೂ ಹೋದಳು.

ಕೊನೆಯ ಬಾಗಿಲು ರಾಮಾಂಜನೇಯಪ್ಪನದು. ಆತ ಮೊದಲು ಏಳು ಹಳ್ಳಿಗೆ ಸೈಕಲ್ಲಿನಲ್ಲಿ ಅಂಚೆ ಹಂಚುತ್ತಿದ್ದವನು, ಈಗ ಎರಡು ಕಣ್ಣೂ ಹೋಗಿದ್ದವು. ಹೆಂಡತಿ ಇರಲಿಲ್ಲ. ಗೆಜ್ಜೆ ಸದ್ದು ಕೇಳಿದೊಡನೆ ಗೋಡೆ ಹಿಡಿದುಕೊಂಡು, ಖಾಲಿ ಕ್ಯಾನು ಎತ್ತಿಕೊಂಡು ಹೊರಗೆ ಬರುವನು.

“ಕ್ಯಾತಣ್ಣ, ನಾನು ಊರಿಗೆಲ್ಲ ಕಾಗ್ದ ಕೊಟ್ಟೆ, ನೀನು ನೀರು ಕೊಡ್ತಿದ್ದೀಯ,” ಅಂದ ಒಂದು ದಿನ. “ಒಂದ್ಮಾತು ಹೇಳ್ಲಾ? ನಂಗೆ ಕಣ್ಣು ಹೋದಾಗ ವಯಸ್ಸಾಗ್ಲಿಲ್ಲ. ಬಾಗ್ಲು ತಟ್ಟೋದು ನಿಂತೋಯ್ತಲ್ಲ, ಆವತ್ತು ವಯಸ್ಸಾಯ್ತು.”

ಕ್ಯಾತಣ್ಣ ಕ್ಯಾನನ್ನು ಗಾಡಿಗೆ ಏರಿಸಿದ. ದಾರಿಯಲ್ಲಿ ಹಗ್ಗವನ್ನು ಹೆಂಡತಿಯ ಕೈಗೆ ಕೊಟ್ಟು ಟವೆಲಿನಿಂದ ಮುಖ ಒರೆಸಿಕೊಂಡ. ಮಾರನೆಯ ಬೆಳಿಗ್ಗೆ ಗಡ್ಡ ಬೋಳಿಸಿಕೊಂಡು ಹೊರಟ. ಮದುವೆಯಾಗಿ ಮೂವತ್ತಾರು ವರ್ಷದ ಮೇಲೆ ಕೆಂಪಕ್ಕನಿಗೆ ತನ್ನ ಗಂಡ ಲಕ್ಷಣವಾಗಿದ್ದಾನೆ ಅನ್ನಿಸಿತು. ಬಾಯಿ ಬಿಟ್ಟು ಹೇಳಿದರೆ ಆ ಮನುಷ್ಯನಿಗೆ ಜಂಬ ಬರುತ್ತದೆ ಅಂತ ಸುಮ್ಮನಾದಳು.

ಇದನ್ನೆಲ್ಲ ಸಹಿಸದವನು ಜಯರಾಮು ಒಬ್ಬನೇ. ಕೆಟ್ಟವನಲ್ಲ ಅವನು. ಮಾತು ಕೊಟ್ಟಿದ್ದ, ದಿನ ಹತ್ತಿರ ಬರುತ್ತಿತ್ತು, ಅಪ್ಪ ಎತ್ತಿಗೆ ಇನ್ನೂ ಅಂಟಿಕೊಳ್ಳುತ್ತಿದ್ದ. ಸಂಕಟವನ್ನು ಸಂಕಟ ಅಂತ ಹೇಳಲು ಬರದೆ ಮರ್ಯಾದೆ ಅಂತ ಹೆಸರಿಟ್ಟು ಕೂಗಾಡಿದ.

“ಸೂಪರ್‌ವೈಸರ್ ಕೇಳ್ತಾರೆ, ನಿಮ್ಮಪ್ಪನಿಗೆ ಊಟಕ್ಕಿಲ್ವಾ, ನೀರು ಹೊರ್ತಾವ್ರಲ್ಲ ಅಂತ. ನಾನೇನ್ ಹೇಳ್ಲಿ?”

“ಊಟ ಜಾಸ್ತಿ ಆಗೈತೆ ಅಂತೇಳು,” ಅಂದ ಕ್ಯಾತಣ್ಣ ಮುದ್ದೆ ಮುರಿಯುತ್ತಾ. “ಅರಗಿಸ್ಕೊಳ್ಳಾಕೆ ಹೋಯ್ತಾವ್ನೆ ಅಂತೇಳು.”

“ತಮಾಸೆ ಬ್ಯಾಡಪ್ಪ. ಎಲ್ಲಾದ್ರೂ ಬಿದ್ರೆ? ಇಪ್ಪತ್ತು ಲೀಟರ್ ಕ್ಯಾನು ಅದು. ನಾಳೆ ಮೋಟಾರು ರಿಪೇರಿ ಆಯ್ತದೆ, ಎಲ್ಲಾರೂ ಮರೀತಾರೆ.”

“ಆಗ್ಲಿ ಬುಡು. ರಿಪೇರಿ ಆದ್ರೂ ಈಶ್ವರಮ್ಮನ ಮಂಡಿ ರಿಪೇರಿ ಆಗಲ್ಲ. ಅಲ್ಲಿಂದಾನೂ ಯಾರಾದ್ರೂ ತಂದ್ಕೊಡ್ಬೇಕಲ್ಲ.”

“ಎತ್ತು ಹೋದ್ಮೇಲೆ?” ಅಂತ ಕೇಳಿದವಳು ಕೆಂಪಕ್ಕ. ಕೇಳಬಾರದಿತ್ತು ಅಂತ ಕೇಳಿದ ಮೇಲೆ ಅನ್ನಿಸಿತು. ತಟ್ಟೆಗಳ ಮೇಲೆ ನಾಲ್ಕು ಕೈಗಳೂ ನಿಂತವು.

“ಹೆಗಲೈತಲ್ಲ,” ಅಂದ ಕ್ಯಾತಣ್ಣ. “ಒಂದ್ಸಲಕ್ಕೆ ಒಂದು ತಂದ್ರಾಯ್ತು.”

ಒಂಬತ್ತು ಸಲ ಎರಡು ಮೈಲಿ ಹೋಗಿ, ಎರಡು ಮೈಲಿ ಬಂದು. ಲೆಕ್ಕ ಎಲ್ಲರಿಗೂ ಗೊತ್ತಿತ್ತು.

ಊಟವಾದ ಮೇಲೆ ಕೆಂಪಕ್ಕ ಕೊಟ್ಟಿಗೆಗೆ ಹೋದಳು. ಗಂಡ ಮೈಲನ ಕತ್ತು ತುರಿಸುತ್ತಾ ನಿಂತಿದ್ದ.

“ನಾನೇ ಮಗನಿಗೆ ಹೇಳ್ತೀನಿ, ಮುಂಗಡ ವಾಪಸ್ ಕೊಡು ಅಂತ,” ಅಂದಳು. “ಅವತ್ತು ಯುಗಾದಿ ದಿನ ನಾನೂ ಅವ್ನ ಜೊತೆ ಸೇರ್ಕೊಂಡೆ. ತೆಪ್ಪಾಯ್ತು.”

“ಬ್ಯಾಡ ಕೆಂಪಿ. ಎಲೆ ಅಡಿಕೆ ಕೊಟ್ಟು ಮಾತಾಡಿದ್ದು ನನ್ ಮಗ. ಅವನ ಮಾತು ಮುರ್ದು ನನ್ ಎತ್ತು ಉಳಿಸ್ಕೊಂಡ್ರೆ, ನಾಳೆ ಈ ಹಟ್ಟಿನಾಗೆ ಅವನ ಮಾತು ಯಾರು ನಂಬ್ತಾರೆ? ಆ ಹೆಣ್ಮಗಿಗೂ ಮಿಷನ್ ಇಡಾಕೆ ಜಾಗ ಬೇಕು. ಅವಳು ಕೇಳಾದ್ರಾಗೆ ಏನೂ ತೆಪ್ಪಿಲ್ಲ.”

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಆ ಗಾದೆಯನ್ನು ಕೆಂಪಕ್ಕನೂ ನೂರು ಸಲ ಬೇರೆಯವರಿಗೆ ಹೇಳಿದ್ದಳು. ಈಗ ಅದು ತನ್ನ ಮನೆಯ ಕೊಟ್ಟಿಗೆಯಲ್ಲೇ ಬಂದು ನಿಂತಿತ್ತು. ಇಷ್ಟು ವರ್ಷ ಸೋಮಾರಿ ಅಂತ ಬೈದ ಗಂಡಸಿನ ಮನಸ್ಸು ಎಷ್ಟು ದೊಡ್ಡದು ಅಂತ ಅವಳಿಗೆ ಅನ್ನಿಸಿತು. ಸಗಣಿ ಬಾಚುವ ನೆಪದಲ್ಲಿ ಬಗ್ಗಿದಳು.

ಭರಣಿ ಮಳೆಗೆ ಇನ್ನೆರಡು ದಿನ ಇರುವಾಗ ಕದರಪ್ಪ ಬಂದ. ಹೆಗಲ ಮೇಲೆ ಎರಡು ಹೊಸ ಹಗ್ಗ. ಎತ್ತು ಮಾರುವವರು ಹಗ್ಗ ಕೊಡುವುದಿಲ್ಲ. ಹಗ್ಗದ ಜೊತೆಗೆ ಕೊಟ್ಟಿಗೆಯ ಲಕ್ಷ್ಮಿಯೂ ಹೊರಟುಹೋಗುತ್ತಾಳೆ ಅಂತ ನಂಬಿಕೆ. ಕೊಳ್ಳುವವನೇ ಹೊಸದು ತರಬೇಕು. ಬೆಳಿಗ್ಗೆ ಏಳರ ಹೊತ್ತು, ಗಾಡಿ ಹೊರಡುವ ಸಮಯ. ಎತ್ತುಗಳು ಆಗಲೇ ಕಿವಿ ನಿಮಿರಿಸಿಕೊಂಡು ನಿಂತಿದ್ದವು.

ಕೆಂಪಕ್ಕ ಹಣೆಗೆ ಅರಿಶಿನ ಕುಂಕುಮ ಇಟ್ಟು, ಬೆಲ್ಲ ಅಕ್ಕಿ ತಿನ್ನಿಸಿದಳು. ಕ್ಯಾತಣ್ಣ ಹಳೆಯ ಹಗ್ಗಗಳನ್ನು ಬಿಚ್ಚಿಕೊಂಡ, ಕಾಲಿನ ಗೆಜ್ಜೆ ಹಾಗೇ ಬಿಟ್ಟ.

“ಮೈಲನಿಗೆ ಬಲಗಡೆ ಕೋಲು ತೋರುಸ್ಬ್ಯಾಡ,” ಅಂದ ಕದರಪ್ಪನಿಗೆ. “ಕೆಂದ ನೀರು ಕುಡಿಯೋವಾಗ ಸಿಳ್ಳೆ ಹಾಕ್ಬೇಕು.” ಅಷ್ಟು ಹೇಳಿ, “ನಾನು ನೋಡಲ್ಲ ಕಣಪ್ಪ” ಅಂದು ಕೊಟ್ಟಿಗೆಯ ಹಿಂದಕ್ಕೆ ಹೋಗಿ ಕೂತ.

ಕದರಪ್ಪ ಎರಡು ಹಗ್ಗ ಹಿಡಿದು ಹೊರಟ. ರೂಢಿಯಂತೆ ಹಟ್ಟಿಯ ಕೊನೆಯವರೆಗೆ ಕಳಿಸಿಕೊಡಲು ಜಯರಾಮು ಹಿಂದೆ ನಡೆದ, ಅವನ ಹಿಂದೆ ಕೆಂಪಕ್ಕ. ನಾಲ್ಕು ಮನೆ ದಾಟುವುದರಲ್ಲಿ ಎತ್ತುಗಳು ನಿಂತವು. ಈಶ್ವರಮ್ಮನ ಬಾಗಿಲು.

“ಪದಂಡ್ರಾ, ಪದಂಡ್ರಾ,” ಕದರಪ್ಪ ಹಗ್ಗ ಎಳೆದ. ಅವು ಕದಲಲಿಲ್ಲ. ಬಾಗಿಲು ತೆರೆಯಿತು. ಮಂಡಿ ಮಡಚದ ಈಶ್ವರಮ್ಮ ಹಸಿರು ರೇಷ್ಮೆ ಕಟ್ಟಿದ ಖಾಲಿ ಕ್ಯಾನು ಹಿಡಿದುಕೊಂಡು ಹೊಸ್ತಿಲಿಗೆ ಬಂದಳು. ಗಾಡಿ ಇಲ್ಲದ್ದು ನೋಡಿದಳು, ಹೊಸ ಹಗ್ಗ ನೋಡಿದಳು, ಜಯರಾಮುವಿನ ಮುಖ ನೋಡಿದಳು. ಏನೂ ಕೇಳದೆ ಕ್ಯಾನನ್ನು ಮೆಲ್ಲಗೆ ಒಳಗೆ ತೆಗೆದುಕೊಂಡಳು.

ಬಾಗಿಲು ಮುಚ್ಚಿದ ಮೇಲೆಯೇ ಎತ್ತುಗಳು ಮುಂದೆ ಸಾಗಿದ್ದು. ಸಾಗಿ, ಬಸವಮ್ಮನ ಮನೆಯ ಮುಂದೆ ನಿಂತವು. ಗೆಜ್ಜೆ ಕೇಳಿ ಬಸವಮ್ಮ ಬಗ್ಗಿದ ಸೊಂಟದಲ್ಲೇ ಕ್ಯಾನು ಉರುಳಿಸಿಕೊಂಡು ಬಂದಳು. ಅಲ್ಲಿಂದ ಮುಂದಿನ ಬಾಗಿಲು, ಅಲ್ಲಿಂದ ಇನ್ನೊಂದು. ಕದರಪ್ಪ ಎಳೆದ, ಗದರಿದ, ಬೆನ್ನು ತಟ್ಟಿದ. ಎತ್ತುಗಳಿಗೆ ತಮ್ಮ ಕೆಲಸ ಗೊತ್ತಿತ್ತು. ಪ್ರತಿ ಬಾಗಿಲಲ್ಲೂ ಒಬ್ಬರು ಖಾಲಿ ಕ್ಯಾನು ಹಿಡಿದು ಬರುವರು, ನೋಡುವರು, ಹಿಂದೆ ಸರಿಯುವರು. ಒಬ್ಬರೂ ಬೈಯಲಿಲ್ಲ, ಬೇಡ ಅನ್ನಲಿಲ್ಲ. ಬೈದಿದ್ದರೆ ಜಯರಾಮು ತಡೆದುಕೊಳ್ಳುತ್ತಿದ್ದ. ಐದನೆಯ ಮನೆ ಹೊತ್ತಿಗೆ ಅವನು ತಲೆಯ ಮೇಲಿನ ಸೆಕ್ಯೂರಿಟಿ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡಿದ್ದ. ಇದು ತನ್ನಪ್ಪ ದಿನಾ ನಡೆಯುತ್ತಿದ್ದ ದಾರಿ, ತಾನು ಒಂದು ದಿನವೂ ಜೊತೆಗೆ ಬಂದು ನೋಡಿರಲಿಲ್ಲ. ಕೆಂಪಕ್ಕ ಮಗನ ಬೆನ್ನು ನೋಡುತ್ತಾ ಸುಮ್ಮನೆ ಹಿಂದೆ ನಡೆದಳು.

ಕೊನೆಯ ಬಾಗಿಲಲ್ಲಿ ರಾಮಾಂಜನೇಯಪ್ಪ ಆಗಲೇ ಹೊರಗೆ ನಿಂತಿದ್ದ. ಅವನಿಗೆ ಹಗ್ಗವೂ ಕಾಣಲಿಲ್ಲ, ಜಯರಾಮುವೂ ಕಾಣಲಿಲ್ಲ.

“ಏನ್ ಕ್ಯಾತಣ್ಣ, ಇವತ್ತು ಬರೀ ಗೆಜ್ಜೆ, ಗಾಡಿ ಸದ್ದೇ ಇಲ್ಲ,” ಅಂದು, ಕೈ ಚಾಚಿ, ಸಿಕ್ಕಿದ ಕೈಗೆ ಕ್ಯಾನು ಕೊಟ್ಟ. “ಬಿಸ್ಲು ಜೋರೈತೆ, ನಿಧಾನಕ್ಕೆ ಹೋಗ್ಬುಟ್ಟು ಬಾ. ನಂಗೇನ್ ಅವಸರ ಇಲ್ಲ.” ಗೋಡೆ ಹಿಡಿದುಕೊಂಡು ಒಳಗೆ ಹೋದ.

ಕ್ಯಾನು ಕದರಪ್ಪನ ಕೈಯಲ್ಲಿತ್ತು. ಅವನು ಅದನ್ನು ತಿರುಗಿಸಿ ನೋಡಿದ, ಜಯರಾಮುವನ್ನು ನೋಡಿದ.

“ಇದೇಂದಯ್ಯಾ?”

ಜಯರಾಮು ಹೇಳಿದ. ಮೋಟಾರು ಸುಟ್ಟದ್ದು, ಅಪ್ಪ ಗಾಡಿ ಹೂಡಿದ್ದು, ಒಂಬತ್ತು ಮನೆ. ಕದರಪ್ಪ ಅಲ್ಲೇ ಕಲ್ಲಿನ ಮೇಲೆ ಕೂತು ಬೀಡಿ ಹಚ್ಚಿದ, ಎರಡು ದಮ್ಮು ಎಳೆದು ಆರಿಸಿದ.

“ಮೊದ್ಲೇ ಹೇಳ್ಬೇಕಲ್ಲಪ್ಪಾ ಇದ್ನ,” ಅಂದ. “ನಮ್ ಅಮ್ಮನೂ ಇದೇ ನೀರು ಕುಡ್ದು ಹಾಸಿಗೆ ಹಿಡಿದೋಳು. ಇವನ್ನ ನಾನು ಹೊಡ್ಕೊಂಡೋದ್ರೆ ದಿನಾ ಏಳು ಗಂಟೆಗೆ ನಮ್ ಊರಾಗೆ ಯಾರ ಬಾಗ್ಲಿಗೆ ಹೋಗಿ ನಿಲ್ತಾವೋ ಏನೋ. ಒದ್ದಪ್ಪಾ. ಬ್ಯಾಡ.”

“ಮಾತು ಕೊಟ್ಟಿದ್ದೀನಿ,” ಅಂದ ಜಯರಾಮು.

“ಮಾತು ಇಸ್ಕೊಂಡೋನು ನಾನು. ನಾನೇ ವಾಪಸ್ ಕೊಡ್ತಿವ್ನಿ. ಮುಂಗಡ ಕೊಡು, ಇವತ್ತು ಶಿರಾ ಸಂತೆನಾಗೆ ಬೇರೆ ನೋಡ್ಕೊಳ್ತೀನಿ.”

ಎದ್ದು, ಎರಡೂ ಎತ್ತುಗಳ ಕೊರಳಿನಿಂದ ತನ್ನ ಹಗ್ಗ ಬಿಚ್ಚಿ ಹೆಗಲಿಗೆ ಹಾಕಿಕೊಂಡ. ಖಾಲಿ ಕ್ಯಾನನ್ನು ಜಯರಾಮುವಿನ ಕೈಗೆ ಕೊಟ್ಟು, ಮುಂಗಡ ವಾಪಸ್ ಇಸಿದುಕೊಂಡು ಶಿರಾ ದಾರಿ ಹಿಡಿದ.

ಎತ್ತುಗಳು ತಾವಾಗಿಯೇ ಮನೆಯ ಕಡೆ ತಿರುಗಿದವು. ತಿರುಗಿದ ದಾರಿಯಲ್ಲೂ ಬಾಗಿಲು ಬಾಗಿಲಿಗೂ ನಿಂತವು. ಈ ಸಲ ಪ್ರತಿ ಬಾಗಿಲನ್ನೂ ತಟ್ಟಿ ಕ್ಯಾನು ಇಸಿದುಕೊಂಡವನು ಜಯರಾಮು. ಅವನ ಎರಡು ಕೈ ತುಂಬಿತು, ಕೆಂಪಕ್ಕನ ಎರಡು ಕೈ ತುಂಬಿತು. ಮಿಕ್ಕಿದ್ದನ್ನು ಅವನು ಟವೆಲಿನಲ್ಲಿ ಪೋಣಿಸಿ ಹೆಗಲಿಗೆ ಹಾಕಿಕೊಂಡ. ನೀಲಿ ಅಂಗಿಯ ಸೆಕ್ಯೂರಿಟಿ ಕ್ಯಾನು ಹೊತ್ತು ಬರುವುದನ್ನು ಹಟ್ಟಿಯೆಲ್ಲ ನೋಡಿತು. ಅವನಿಗೆ ಅದರ ಪರಿವೆಯೇ ಇರಲಿಲ್ಲ.

ಮನೆಯ ಮುಂದೆ ಯಶೋದ ಜಗುಲಿಯ ಮೇಲೆ ಕೂತು ಹೊಲಿಯುತ್ತಿದ್ದಳು. ಮಾವ ಜಗುಲಿ ಬಿಟ್ಟು ಎದ್ದ ವಾರದಿಂದ ಅವಳ ಮಿಷನ್ನು ಅಲ್ಲೇ ಇತ್ತು, ಬೆಳಕು ಚೆನ್ನಾಗಿ ಬೀಳುತ್ತದೆ ಅಂತ. ಎಲ್ಲರ ಕಣ್ಣೆದುರೇ ಇದ್ದದ್ದು ಯಾರಿಗೂ ಹೊಳೆದಿರಲಿಲ್ಲ. ಬರಿಗೊರಳಿನ ಎತ್ತುಗಳನ್ನು, ಗಂಡನ ಹೆಗಲನ್ನು ನೋಡಿ ಅವಳಿಗೆ ಎಲ್ಲ ಅರ್ಥವಾಯಿತು.

“ಕೊಟ್ಟಿಗೆ ಕೀಳ್ಸೋದು ಬ್ಯಾಡ,” ಅಂದಳು. “ಈ ಜಗುಲಿಗೆ ಎರಡು ಕಡೆ ಗೋಡೆ ಏರಿಸ್ಕೊಡಿ, ನಂಗೆ ಸಾಕು. ಮಾವ ಇನ್ನ ಇಲ್ಲಿ ಮಲಗಲ್ಲ.”

ಜಯರಾಮು ಕ್ಯಾನುಗಳನ್ನು ಗಾಡಿಯಲ್ಲಿ ಸಾಲಾಗಿ ಇಟ್ಟ. ಕೆಂಪಕ್ಕ ಕೊಟ್ಟಿಗೆಯ ಹಿಂದಕ್ಕೆ ಹೋದಳು. ಕ್ಯಾತಣ್ಣ ಗೋಡೆಗೆ ಒರಗಿ, ಕಣ್ಣು ಮುಚ್ಚಿಕೊಂಡು ಕೂತಿದ್ದ. ಹಳೆಯ ಹಗ್ಗ ಎರಡೂ ಮಡಿಲಲ್ಲಿದ್ದವು.

“ಕೆಂಪಿ, ಇನ್ನೂ ಗೆಜ್ಜೆ ಸದ್ದು ಕಿವಿನಾಗೇ ಐತೆ ಕಣೆ,” ಅಂದ ಕಣ್ಣು ತೆರೆಯದೆ.

ಕೆಂಪಕ್ಕನಿಗೆ ಹೇಳಬೇಕಾದದ್ದು ಬಹಳ ಇತ್ತು. ಮೂವತ್ತಾರು ವರ್ಷದಲ್ಲಿ ಹೇಳದೆ ಉಳಿದದ್ದೆಲ್ಲ ಬಾಯಿಯ ತುದಿಗೆ ಬಂತು. ಆದರೆ ಬಾಯಿ ತನ್ನ ಹಳೆಯ ಅಭ್ಯಾಸವನ್ನೇ ಹಿಡಿಯಿತು.

“ಏಳು ಮ್ಯಾಕೆ, ಹೊತ್ತಾಯ್ತು. ಒಂಬತ್ತು ಮನೆಯೋರು ನೀರಿಗೆ ಕಾಯ್ತಾವ್ರೆ,” ಅಂದಳು. “ಆ ಹಗ್ಗ ಇತ್ಲಾಗೆ ತತ್ತಾ. ಎತ್ತು ಬರಿಗೊರಳಾಗೆ ನಿಂತವೆ.”